ಕಲ್ಲು ಬಿತ್ತೆಂದು ಹಂಚಿದ ಸಿರಾ

ಹೋದ ಮಂಗಳವಾರ ಬೆಳಿಗ್ಗೆ ಅಂಗಳ ಗುಡಿಸಿದೆ. ಹಾಲು ಕಾಸಿದೆ. ರೊಟ್ಟಿ ಬಡಿದೆ, ಶೇಂಗಾ ಹಿಂಡಿ ಕುಟ್ಟಿದೆ. ನೇಯಲು ಬೇಕಾದ ನೂಲಿನ ಕಂಡಿಕಿ ಸುತ್ತಿ ಯಜಮಾನರ ಮಗ್ಗದ ಪಕ್ಕ ಇಟ್ಟೆ. ಹಿತ್ತಲಲ್ಲಿ ಬಟ್ಟೆ ಒಗೆದು ಹರವಿದೆ. ಆಮೇಲೆ ಮಾವನವರ ಮಂಚದ ಹತ್ತಿರ ಹೋಗಿ, ಸೆರಗು ಸರಿಮಾಡಿಕೊಂಡು ಕೇಳಿದೆ.

"ಮಾವಾರ, ಒಂದಕ್ಕ ಹೋಗಿ ಬಂದ್ರೇನ್ರಿ?"

ಮದುವೆಯಾಗಿ ಈ ಬನಹಟ್ಟಿಯ ಮನೆಗೆ ಬಂದಾಗಿನಿಂದ ನಾನು ಅವರನ್ನು ಕೇಳಿದ್ದು ಚಹಾ ಬೇಕೇನ್ರಿ, ಊಟ ಆತೇನ್ರಿ, ಇಷ್ಟೇ. (ಸೊಸೆ ಇನ್ನೇನು ಕೇಳಬೇಕು?) ಅತ್ತಿ ಬಾಗಿಲಲ್ಲೇ ನಿಂತುಬಿಟ್ಟರು.

"ನಿನಗ ನಾಚಿಕಿ ಅನ್ನೂದು ಐತೋ ಇಲ್ಲೋ ಬೇ? ಮಾವಗ ಕೇಳೂ ಮಾತೇನ ಇದು?"

ಯಾಕೆ ಕೇಳಿದೆ ಅಂದರೆ, ಹಿಂದಿನ ದಿನ ಮಧ್ಯಾಹ್ನ ಮಾವನವರಿಗೆ ಬೆನ್ನ ಕೆಳಗಿಂದ ನೋವು ಎದ್ದಿತ್ತು. ಕೂತರೂ ಸಮಾಧಾನ ಇಲ್ಲ, ನಿಂತರೂ ಇಲ್ಲ. ಕಿಡ್ನಿ ಕಲ್ಲಿನ ನೋವು ಅವರಿಗೆ ಹೊಸದಲ್ಲ. ನಮ್ಮ ಓಣಿಯಲ್ಲಿ ಯಾರಿಗೆ ಹೊಸದು ಹೇಳಿ? ಮಗ್ಗ ನಡೆಯುತ್ತಿದ್ದಾಗ ಎದ್ದು ಹೋದರೆ ಎಳೆ ಹರಿದು ಸೀರೆ ಕೆಡುತ್ತದೆ. ಎದ್ದು ಹೋಗಬಾರದು ಅಂದರೆ ನೀರು ಕುಡಿಯಬಾರದು. ಮಾವ ಆಯುಷ್ಯವಿಡೀ ಹಾಗೇ ನೇಯ್ದವರು. ಈಗ ಮಗ್ಗ ಮಗನ ಕೈಯಲ್ಲಿದೆ, ಕಲ್ಲು ಇವರ ಹೊಟ್ಟೆಯಲ್ಲಿ.

ಅತ್ತಿ ಹುರಳಿ ಕಟ್ಟು ಕುದಿಸಿ ಕುಡಿಸಿದರು. ಸಂಜೆಗೆ ಪರಿಚಯದ ಕಂಪೌಂಡರ್ ಒಬ್ಬರು ಬಂದು ನೋವಿನ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ನೋವು ನಿಂತಿತು.

"ಕಲ್ಲ ಬಿತ್ತ ನೋಡ," ಅಂದರು ಮಾವ. ನಮ್ಮಲ್ಲಿ ನೋವು ನಿಂತಿತು ಅಂದರೆ ಕಲ್ಲು ಬಿತ್ತು ಅಂತಲೇ ಲೆಕ್ಕ. ಬಿದ್ದ ಕಲ್ಲನ್ನು ಕಂಡವರ್ಯಾರು? ಯಾರೂ ಕೇಳಲಿಲ್ಲ. ಅತ್ತಿ ರವೆ ಹುರಿದು ಸಿರಾ ಮಾಡಿ ಓಣಿಗೆಲ್ಲ ಹಂಚಿದರು. ನಾನೇ ತಟ್ಟೆ ಹಿಡಿದು ಮನೆ ಮನೆಗೆ ಹೋಗಿ ಬಂದೆ.

ಆದರೆ ಬೆಳಿಗ್ಗೆ ನೋಡುತ್ತೇನೆ, ಮಾವನವರ ಮುಖ ಬಾತಿದೆ. ತಂಬಿಗೆ ತುಂಬಿಸಿಟ್ಟಷ್ಟೂ ಖಾಲಿಯಾಗುತ್ತಿದೆ. ನಾನು ಬಟ್ಟೆ ಒಗೆಯುವ ಕಲ್ಲು ಇರುವುದು ಬಚ್ಚಲ ಬಾಗಿಲಿಗೇ. ಅಷ್ಟು ಹೊತ್ತು ಅಲ್ಲೇ ಕೂತಿದ್ದೆ, ಮಾವ ಒಮ್ಮೆಯೂ ಆ ಕಡೆ ಬರಲಿಲ್ಲ. ಕುಡಿದ ನೀರು ಎಲ್ಲಿ ಹೋಯಿತು?

ಅದಕ್ಕೇ ಕೇಳಿದ್ದು. ಮಾವ ಗೋಡೆ ಕಡೆ ತಿರುಗಿದರು. ಗೋಡೆಗೇ ಉತ್ತರ ಕೊಟ್ಟರು.

"ನಿನ್ನಿ ಸಂಜೀಂದ ಆಗಿಲ್ಲ. ಆಗತೇತಿ ಬಿಡ. ನೀರ ಕುಡ್ಯಾಕತ್ತೇನಲ್ಲ."

ಒಳಗೆ ಮಗ್ಗ ನಿಂತಿತು. ಯಜಮಾನರು ಹೊರಗೆ ಬಂದು ಅಪ್ಪನ ಮುಖ ನೋಡಿದರು. ಗಾಡಿ ತರಲು ಹೋದರು.

ಆಸ್ಪತ್ರೆ ಇರುವ ಜಮಖಂಡಿ ದೂರವೇನಲ್ಲ. ಆದರೆ ಅವತ್ತು ಮುಂದೆ ಕಬ್ಬಿನ ಟ್ರ್ಯಾಕ್ಟರು, ಅದರ ಮುಂದೆ ಇನ್ನೊಂದು. ಮಾವನವರಿಗೆ ಬಿಕ್ಕಳಿಕೆ ಶುರುವಾಯಿತು. ಅತ್ತಿ ಹುರಳಿ ಕಟ್ಟಿನ ಬಾಟ್ಲಿ ತೆಗೆದರು. "ಸಾಕ್ರೀ ಅತ್ತಿ," ಅಂದೆ. ಬೈಯಲಿಲ್ಲ. ಮುಚ್ಚಳ ಹಾಕಿ ತೊಡೆಯ ಮೇಲೆ ಇಟ್ಟುಕೊಂಡರು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಸ್ಕ್ಯಾನ್ ಮಾಡಿದ ಡಾಕ್ಟರು ನಮ್ಮನ್ನು ಒಳಗೆ ಕರೆದರು. "ನೋವ ಹೋಗೇತಿ, ಕಲ್ಲ ಅಲ್ಲೇ ಐತ್ರಿ. ಇವ್ರದೊಂದು ಕಿಡ್ನಿ ಹುಟ್ಟಿದಾಗಿಂದ ಸಣ್ಣದು, ಕೆಲಸ ಮಾಡಂಗಿಲ್ಲ. ಕೆಲಸ ಮಾಡೂದರ ದಾರಿಗೇ ಕಲ್ಲ ಅಡ್ಡ ಕುಂತೇತಿ. ಒಂದ ಹನಿ ಕೆಳಗ ಇಳಿಯಾಕತ್ತಿಲ್ಲ."

ಯಜಮಾನರು ಮೆಲ್ಲಗೆ ಕೇಳಿದರು. "ನಾಳಿ ಬಂದಿದ್ರ?"

ಡಾಕ್ಟರು ಸಹಿ ಮಾಡುತ್ತಲೇ ಇದ್ದರು. "ಇವತ್ತ ಬಂದೀರಲ್ಲ."

ಕಲ್ಲಿನ ಪಕ್ಕದಿಂದ ಸಣ್ಣ ನಳಿಗೆ ಹಾಕಿ ದಾರಿ ಬಿಡಿಸುತ್ತೇವೆ, ಕಲ್ಲು ಒಡೆಯುವುದು ಆಮೇಲೆ ಅಂದರು. ಮಾವನವರನ್ನು ಒಳಗೆ ಒಯ್ದರು, ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಅತ್ತಿ ನನ್ನ ಕೈ ಹಿಡಿದುಕೊಂಡೇ ಕೂತರು. ನನಗೊಂದೇ ಯೋಚನೆ. ಹೊಟ್ಟೆ ತುಂಬಿತೇ ಅಂತ ಹತ್ತು ಸಲ ಕೇಳುವ ನಾವು, ಕುಡಿದದ್ದು ಹೊರಗೆ ಹೋಯಿತೇ ಅಂತ ಕೇಳಲು ಯಾಕೆ ಇಷ್ಟು ಸಾಯುತ್ತೇವೆ?

ಮಾವನವರನ್ನು ಹೊರಗೆ ತಂದಾಗ ಮಂಚಕ್ಕೊಂದು ಮೂತ್ರದ ಚೀಲ ತೂಗಿಬಿಟ್ಟಿದ್ದರು. ಅದರ ತಳದಲ್ಲಿ ಕೆಂಪಗೆ ಸ್ವಲ್ಪ. ನೋಡುತ್ತಿದ್ದಂತೆ ಮತ್ತೆ ಸ್ವಲ್ಪ. ಕಿಡ್ನಿ ಎಷ್ಟು ಸುಧಾರಿಸುತ್ತದೆ ಎಂಬುದು ನಾಳೆಯ ರಕ್ತ ಪರೀಕ್ಷೆಯಲ್ಲಿ ಗೊತ್ತಾಗಬೇಕು ಅಂದರು ನರ್ಸಮ್ಮ.

ರಾತ್ರಿ ಆಸ್ಪತ್ರೆಯಲ್ಲೇ ಊಟಕ್ಕೆ, ಊರಿಂದ ಪಕ್ಕದ ಮನೆಯವರು ಕಳಿಸಿದ ರೊಟ್ಟಿ, ಬದನಿಕಾಯಿ ಪಲ್ಯ. ಮಾವನವರಿಗೆ ತೆಳ್ಳಗೆ ಗಂಜಿ. ಮೊದಲು ಮಲಗಿದವರೂ ಅವರೇ. ಕಣ್ಣು ಮುಚ್ಚುವ ಮುಂಚೆ, ನನ್ನ ಕಡೆ ನೋಡದೆ ಅಂದರು.

"ಚೀಲ ಎಲ್ಲೀಮಟ ಬಂತ ನೋಡವಾ."