ಗಂಡು ಹೂವಿನ ಬಜ್ಜಿ

ಕೊಪ್ಪದ ಹತ್ತಿರ ಎಸ್ಟೇಟ್ ಕೆಲಸಕ್ಕೆ ಹೋಗುವ ನಮ್ಮ ಮಾವನಿಗೆ ಸಂಜೆ ಕಾಫಿಯ ಜೊತೆ ಸಿಹಿಗುಂಬಳದ ಹೂವಿನ ಬಜ್ಜಿ ಬೇಕಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹೂವನ್ನು ಅವರೇ ಕೊಯ್ದಿಡುತ್ತಿದ್ದರು. ಗಂಡು ಹೂವು ಮಾತ್ರ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಕಾಯಿ ಇರುತ್ತದೆ. ಗಂಡು ಹೂವಿಗೆ ಉದ್ದದ ತೊಟ್ಟು ಬಿಟ್ಟರೆ ಬೇರೆ ಆಸ್ತಿಯಿಲ್ಲ. "ಕಾಯಿ ಬಿಡದಿದ್ದದ್ದು ಬಳ್ಳೀಲಿದ್ದು ಎಂತ ಮಾಡ್ತದೆ?" ಎನ್ನುವುದು ಅವರ ವಾದ. ಕಾಫಿ ಕೊಯ್ದು ಪಳಗಿದ ಕೈ, ಒಂದನ್ನೂ ಬಿಡುತ್ತಿರಲಿಲ್ಲ. ಮೊಗ್ಗು ಇನ್ನೂ ಗರಿಗರಿಯಾಗುತ್ತದೆಂದು ನಾಳೆ ಅರಳಬೇಕಾದ್ದೂ ಇವತ್ತೇ ಎಣ್ಣೆಗೆ ಬೀಳುತ್ತಿತ್ತು.

ಬಳ್ಳಿ ಅತ್ತೆಯದು. ಕಿಗ್ಗದ ತವರುಮನೆಯ ಬೀಜ. ಆ ಮನೆಯಲ್ಲಿ ಈಗ ಯಾರೂ ಇಲ್ಲ. ಡಬ್ಬಿಯಲ್ಲಿ ಉಳಿದಿದ್ದ ಬೀಜವನ್ನೆಲ್ಲ ಅತ್ತೆ ಹೋದ ಮಳೆಗಾಲ ಬಿತ್ತಿದರು, ಹುಟ್ಟಿದ್ದು ಒಂದೇ ಬಳ್ಳಿ. ಅದರ ಎಳೆಗಾಯಿಗಳು ಹಳದಿಯಾಗಿ ಒಂದೊಂದೇ ಉದುರಿದವು. ದೃಷ್ಟಿಯಾಗಿದೆ ಎಂದು ಮಾವ ಚಪ್ಪರಕ್ಕೆ ಹರಿದ ಚಪ್ಪಲಿ ಕಟ್ಟಿದರು. ಕಟ್ಟಿ ಬರುವಾಗ ಕೈಗೆ ಸಿಕ್ಕಿದ ಹೂವನ್ನೂ ಕೊಯ್ದು ತಂದರು.

ಬಳ್ಳಿ ಸೊರಗತೊಡಗಿತು. ಒಂದೇ ಒಂದು ಹೆಣ್ಣು ಮೊಗ್ಗು ಉಳಿದಿತ್ತು, ಬೆಳಗಾದರೆ ಅರಳುವಂಥದ್ದು. ಅತ್ತೆ ಅದರ ಮುಂದೆ ಕೂತು ಅತ್ತರು. ಸೊಸೆಯಾದ ನನಗೆ ತಡೆಯಲಾಗಲಿಲ್ಲ.

"ಗಂಡು ಹೂವಿನ ಹಳದಿ ಪುಡಿ ತಾಗದೆ ಕಾಯಿ ನಿಲ್ಲೂದಿಲ್ಲ ಮಾವ. ಅದನ್ನ ನೀವು ದಿನಾ ಕಾಫಿ ಜೊತೆ ತಿಂತಾ ಇದ್ದೀರಿ" ಎಂದೆ.

ಮಾವ ಕೈಯಲ್ಲಿದ್ದ ಬಜ್ಜಿಯನ್ನು ನೋಡಿದರು. ಅರ್ಧ ತಿಂದಾಗಿತ್ತು. ಉಳಿದದ್ದನ್ನು ತಟ್ಟೆಗಿಟ್ಟರು.

ನಮ್ಮ ಬಳ್ಳಿಯಲ್ಲಿ ಗಂಡು ಹೂವು ಒಂದೂ ಉಳಿದಿರಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ತಮ್ಮ ಹುಟ್ಟೂರು, ಇಲ್ಲೇ ಹತ್ತಿರದ ನಾರ್ವೆಗೆ ಹೋಗಿ, ಅಣ್ಣನ ಮನೆಯ ಬಳ್ಳಿಯಿಂದ ಒಂದು ಗಂಡು ಹೂವು ಕೊಯ್ದು, ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದರು. ಬಸ್ಸಿನಲ್ಲಿ ಯಾರೋ "ಹೂವು ಯಾರಿಗೆ ಮಾರಾಯ, ಹೆಂಡ್ತಿಗಾ?" ಎಂದು ಕೇಳಿದರಂತೆ. ಇವರು ಹೌದು ಎಂದರಂತೆ. ಎಸಳು ಕಿತ್ತು, ಒಳಗಿನ ಕೇಸರವನ್ನು ಹೆಣ್ಣು ಹೂವಿಗೆ ತೀಡಿದರು. ತುಂಬ ಹೊತ್ತು ತೀಡಿದರು.

"ಸಾಕು, ಸವೆದು ಹೋಗ್ತದೆ" ಎಂದರು ಅತ್ತೆ.

ಆ ಕಾಯಿ ನಿಂತಿತು, ಹಣ್ಣಾಯಿತು. ಅತ್ತೆ ಬೀಜ ತೆಗೆದು ಬೂದಿ ಹಚ್ಚುತ್ತಿದ್ದಾಗ ನಾನು ಸುಮ್ಮನಿರಲಾರದೆ, "ಇದು ಪೂರ್ತಿ ಕಿಗ್ಗದ ಬೀಜ ಅಲ್ಲ ಅತ್ತೆ, ಅರ್ಧ ನಾರ್ವೆದು" ಎಂದೆ.

ಅತ್ತೆ ಕೈ ನಿಲ್ಲಿಸಲಿಲ್ಲ. "ನಿನ್ನ ಗಂಡನೂ ಹಂಗೇ ಅಲ್ವಾ" ಎಂದರು.