ಬೀಗರ ಮುಂದೆ ಇಳಿದ ಹಾಯಿ

ಅಕ್ಕನ ನಿಶ್ಚಿತಾರ್ಥದ ಶಾಮಿಯಾನವನ್ನು, ಬೀಗರು ಬರುವ ಹೊತ್ತಿಗೆ ಸರಿಯಾಗಿ, ನಾನೇ ಕೆಳಗಿಳಿಸಿದೆ. ಬೇಕೆಂದೇ.

ಬಯ್ಯುವ ಮುಂಚೆ ಸ್ವಲ್ಪ ಕೇಳಿ.

ತಮ್ಮ ದೇಶಕ್ಕೆ ವಾಪಸ್ ಹೊರಟ, ಚಿನ್ನದ ಗಣಿಯ ಬಿಳಿ ಸಾಹೇಬರೊಬ್ಬರ ಬಂಗಲೆಯ ಹರಾಜಿನಲ್ಲಿ ಒಂದು ಕುರ್ಚಿ ಕೊಂಡೆ. ಜತೆಗೆ ಯಾರಿಗೂ ಬೇಡವಾದ ಒಂದು ಪುಸ್ತಕ ಬಂತು. ಯಾಟ್ ನಡೆಸುವ ಬಗ್ಗೆ. ಯಾಟ್ ಅಂದರೆ ಮಲಗಲು ಕೋಣೆ, ಕಾಫಿ ಕಾಸಲು ಒಲೆ ಎಲ್ಲ ಇರುವ ಹಾಯಿದೋಣಿ. ಸಮುದ್ರವೇ ಕಾಣದ ನಮ್ಮ ಗಣಿಯೂರು ಮಾರಿಕುಪ್ಪಂನಲ್ಲಿ ನಲ್ಲಿ ನೀರಿಗೆ ಕ್ಯೂ ನಿಲ್ಲುವವನಿಗೆ ಇದಕ್ಕಿಂತ ಉಪಯುಕ್ತ ಪುಸ್ತಕ ಉಂಟೆ?

ಬಿರುಗಾಳಿಯ ಅಧ್ಯಾಯವನ್ನು ನಾಲ್ಕು ಸಲ ಓದಿದೆ (ಡೈರಿಯಲ್ಲಿ ಲೆಕ್ಕವಿದೆ). ಮನಸ್ಸಿನಲ್ಲಿ ಆಗಲೇ ಸಮುದ್ರದ ನಡುವೆ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದೆ. ದಿನಾ ಗಾಳಿಯನ್ನೂ ಬರೆದಿಡುತ್ತಿದ್ದೆ. ಅದಕ್ಕೆ ಯಂತ್ರ ಬೇಕಿಲ್ಲ. ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದ ಸೈನೈಡ್ ದಿಬ್ಬ ಇದೆಯಲ್ಲ? ಅದರ ನೆತ್ತಿಯಲ್ಲಿ ಬಿಳಿ ಧೂಳು ಎದ್ದರೆ ಗಾಳಿ ಹೊರಟಿದೆ ಎಂದೇ ಅರ್ಥ.

ನಿಶ್ಚಿತಾರ್ಥದ ಮಧ್ಯಾಹ್ನ ಧೂಳು ಎದ್ದಿತು. ಬಂಗಾರಪೇಟೆಯಿಂದ ಬಾಡಿಗೆಗೆ ತಂದ ಶಾಮಿಯಾನ ಬಾಗಿಲ ಮುಂದೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಅದು ಹಾಯಿಯಲ್ಲದೆ ಮತ್ತೇನು?

"ಮಾವ, ಇದನ್ನ ಇಳಿಸೋಣ" ಎಂದೆ.

ಬೂದಿಕೋಟೆಯಿಂದ ಬಂದಿದ್ದ ಸೋದರಮಾವ ಹಗ್ಗವನ್ನು ಇನ್ನೂ ಬಿಗಿದರು. "ಬೀಗ್ರು ಬರೋ ಹೊತ್ಗೆ ಚಪ್ಪರ ಇಳಿಸ್ತಾರೇನ್ಲಾ? ಓಗ್ಲಾ, ಎಲೆ ಒರೆಸು ಓಗು."

ಹಾಯಿ ಇಳಿಸಬೇಕೇ ಎಂಬ ಅನುಮಾನ ಬಂದೊಡನೆ ಇಳಿಸಬೇಕು, ಹಗ್ಗ ಬಿಗಿದರೆ ಕಂಬ ಮುರಿಯುತ್ತದೆ. ಪುಸ್ತಕ ಹೇಳುವುದು ಅಷ್ಟೇ. ಮಾವ ಅಡುಗೆಯ ಕಡೆ ತಿರುಗಿದ್ದೇ ತಡ, ಹಗ್ಗ ಬಿಚ್ಚಿ, ಕಂಬ ಒಂದೊಂದಾಗಿ ಕಿತ್ತು, ಬಟ್ಟೆಯನ್ನು ಬೆಂಚುಗಳ ಮೇಲೆ ಮಲಗಿಸಿದೆ.

ಪುಸ್ತಕದಲ್ಲಿ ಬೀಗರ ಬಗ್ಗೆ ಏನೂ ಇರಲಿಲ್ಲ.

ಕಾಮಸಮುದ್ರದ ಬೀಗರು ರೈಲಿಳಿದು ಬೀದಿಯ ತಿರುವಿಗೆ ಬಂದೇಬಿಟ್ಟಿದ್ದರು. ಶುಭಕಾರ್ಯಕ್ಕೆ ಮುಂಚೆ ಚಪ್ಪರ ಬಿಚ್ಚುವುದು ಯಾವಾಗ? ಮನೆಯಲ್ಲಿ ಸಾವಾದಾಗ. ಗಂಡಿನ ಅಜ್ಜಿ ಅಲ್ಲೇ ನಿಂತರು. "ಯಾರೋ ಓಗ್ಬಿಟ್ಟವ್ರೆ ಕಣ್ರಪ್ಪಾ. ಶಕುನ ಸರಿಯಿಲ್ಲ. ನಡೀರಿ, ಅದೇ ರೈಲ್ಗೆ ವಾಪಸ್ ಓಗಾನ."

ಅಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. ಹಿಂದೆ ಎರಡು ಸಂಬಂಧ ತಪ್ಪಿದ್ದವು. ಇದನ್ನು ತಪ್ಪಿಸಿದವನು ಸ್ವಂತ ತಮ್ಮ!

ಕರೆಯುವವರೆಗೆ ಒಳಗೇ ಇರಬೇಕಾದ ಅಕ್ಕ, ಅರ್ಧ ಹೆಣೆದ ಜಡೆಯಲ್ಲೇ ಬೀದಿಗೆ ಓಡಿಬಂದಳು. "ಅಜ್ಜೀ, ಯಾರೂ ಸತ್ತಿಲ್ಲ. ನನ್ ತಮ್ಮ ಪುಸ್ತಕ ಓದವ್ನೆ, ಅಷ್ಟೇಯ!"

ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಗಾಳಿ ಬಡಿಯಿತು. ಎದುರು ಸಾಲಿನ ಮನೆಯ ತಗಡೊಂದು ಹಾರಿತು. ಹಿಂದೆಯೇ ಮಳೆ. ನಮ್ಮದು ಒಂದೇ ಕೋಣೆಯ ಮನೆ, ಅದರ ತುಂಬ ಅಡುಗೆ ಪಾತ್ರೆ. ಎರಡೂ ಕಡೆಯವರು ಮಲಗಿದ ಶಾಮಿಯಾನದ ಕೆಳಗೆ, ಬೆಂಚುಗಳ ನಡುವೆ ತೂರಿಕೊಂಡೆವು. ಗಂಡಸರು ಬಟ್ಟೆಯ ಅಂಚನ್ನು ಒಳಗೆಳೆದು, ಹಾರದಂತೆ ಅದರ ಮೇಲೆ ಕೂತರು. (ಮಾವನ ಬೆನ್ನು ಮಾತ್ರ ಹೊರಗಿತ್ತು.)

ಮಳೆ ನಿಲ್ಲುವ ಹೊತ್ತಿಗೆ ಅಜ್ಜಿ ಅಕ್ಕನ ಉಳಿದರ್ಧ ಜಡೆ ಹೆಣೆದು ಮುಗಿಸಿದ್ದರು. "ಬೀದಿಗ್ ಬಂದು ಮಾತಾಡೋ ಉಡ್ಗಿ ನಮ್ಗೇ ಇರ್ಲಿ" ಎಂದು ಅಲ್ಲೇ ವೀಳ್ಯ ಕೊಟ್ಟರು.

ಈಗ ಬೂದಿಕೋಟೆಯಲ್ಲಿ ಮಾವ ಏನು ಹೇಳಿಕೊಂಡು ತಿರುಗುತ್ತಿದ್ದಾರೆ ಗೊತ್ತೆ? ಶಾಮಿಯಾನ ಇಳಿಸಿದ್ದು ತಾವೇ ಅಂತ! ಮದುವೆಯ ದಿನ ನಾನು ಚಪ್ಪರದ ಹತ್ತಿರ ಸುಳಿಯದಂತೆ, ನನ್ನನ್ನು ಹೂವು ತರಲು ಬಂಗಾರಪೇಟೆಗೆ ಅಟ್ಟುವುದೆಂದೂ ತೀರ್ಮಾನವಾಗಿದೆ.

ಮದುವೆಗೆ ನೀವೆಲ್ಲ ಬನ್ನಿ. ದಿಬ್ಬದ ಮೇಲೆ ಧೂಳು ಎದ್ದರೆ ಮಾತ್ರ, ದಯವಿಟ್ಟು, ಹಗ್ಗ ಬಿಗಿಯುವ ಮಾವನ ಪಕ್ಕ ಕೂರಬೇಡಿ.