ಅತ್ತಿಗೆ ಎಳೆದು ನೋಡದ ಜಾಯಿಂಟ್ ಇಲ್ಲ

ಬೆಳಗಿನ ಐದೂವರೆ. ಮಕ್ಕಳ ಆಸ್ಪತ್ರೆಯ ತಾರಸಿಯ ಮೇಲೆ ಹೆಂಗಸೊಬ್ಬರು ಮಂಡಿಯೂರಿ ಕುಳಿತು, ಸೌರ ಫಲಕದ ಕೇಬಲ್ಲೊಂದನ್ನು ಎರಡೂ ಕೈಯಿಂದ ಎಳೆಯುತ್ತಾರೆ. ತಂತಿ ಪಿನ್ನಿನಿಂದ ಸಲೀಸಾಗಿ ಕಳಚಿ ಬರುತ್ತದೆ. "ಕರ್ಮ" ಎಂದು ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಹಿಡಿಯುತ್ತಾರೆ. ಅದೂ ಬರುತ್ತದೆ.

ಐವತ್ತಾರು ವರ್ಷದ ಇವರು ಎಲ್ಲರಿಗೂ ಅತ್ತಿಗೆ. ಫಲಕ ಕೂರಿಸುವ ಗುತ್ತಿಗೆದಾರ ಇವರ ಗಂಡನ ತಮ್ಮ. ಅವನ ಬಾಯಿಯ ಮಾತು ಕೆಲಸಗಾರರಿಗೂ ಅಂಟಿಕೊಂಡಿದೆ. ಹತ್ತೊಂಬತ್ತು ವರ್ಷ ವಾಹನಗಳ ವೈರಿಂಗ್ ಕಾರ್ಖಾನೆಯಲ್ಲಿ ದುಡಿದವರು. ಗಂಡ ತೀರಿಕೊಂಡ ವರ್ಷವೇ ಕಾರ್ಖಾನೆಯೂ ಮುಚ್ಚಿತು. ಅಂಥ ದಿನಗಳಲ್ಲಿ ಕೈಗೊಂದು ಕೆಲಸ ಸಿಗುವುದೂ ದೇವರ ದಯೆಯೇ. ಈಗ ಮೈದುನನ ಬಳಿ ದಿನಕ್ಕೆ ನೂರಿಪ್ಪತ್ತು ಜಾಯಿಂಟ್ ಮಾಡುತ್ತಾರೆ. ಒಂದನ್ನೂ ಎಳೆದು ನೋಡದೆ ಬಿಡುವುದಿಲ್ಲ.

ನಿನ್ನೆ ಕಣ್ಣು ತೋರಿಸಲು ರಜೆ ಹಾಕಿದ್ದೇ ತಪ್ಪಾಯಿತು. ಮೈದುನ ತಂತಿಗೆ ಪಿನ್ನು ಒತ್ತಿ ಕೂರಿಸುವ ಹೊಸ ಕ್ರಿಂಪಿಂಗ್ ಟೂಲ್ ತಂದು, ತಾನೇ ತೊಂಬತ್ತಾರು ಜಾಯಿಂಟ್ ಒತ್ತಿ ಮುಗಿಸಿದ್ದಾನೆ. ಇಂದು ಹತ್ತಕ್ಕೆ ಆಸ್ಪತ್ರೆಗೆ ಕರೆಂಟು ಕೊಡಬೇಕು. ಬಿಸಿಲು ಬಿದ್ದರೆ ಫಲಕದಲ್ಲಿ ಕರೆಂಟು ಹುಟ್ಟುತ್ತದೆ, ಆಮೇಲೆ ಕೈಹಾಕುವಂತಿಲ್ಲ.

"ಐದು ತರದ ಪಿನ್ನಿಗೂ ಆಗುತ್ತೆ ಅಂದ ಅಂಗಡಿಯವನು," ಎಂಬುದು ಮೈದುನನ ಸಮಜಾಯಿಷಿ. "ಒತ್ತಿದ್ರೆ ಒತ್ತುತ್ತೆ. ಇನ್ನೇನು ಬೇಕು ಅತ್ತಿಗೆ?"

"ಒತ್ತೋಕೆ ಹಲ್ಲೂ ಸಾಕಪ್ಪ. ಇದರ ಬಾಯಿ ನೋಡು, ಚಪ್ಪಟೆ. ಪಿನ್ನನ್ನ ಜಜ್ಜುತ್ತೆ ಅಷ್ಟೆ. ನನ್ನ ಹಳೇದು ಪಿನ್ನಿನ ಎರಡೂ ರೆಕ್ಕೆ ಒಳಕ್ಕೆ ಮಡಚುತ್ತೆ, ತಂತೀನ ತಬ್ಕೊಳ್ಳೋ ಹಾಗೆ. ಪೂರ್ತಿ ಒತ್ತೋ ತನಕ ಹಿಡಿ ಬಿಡೋದೇ ಇಲ್ಲ."

"ಬಿಡಲ್ಲ ಅನ್ನೋದೇ ಕೆಲಸದವರ ದೂರು. ಕೈ ನೋಯುತ್ತಂತೆ."

"ನೋಯ್ಲಿ. ಸಡಿಲ ಜಾಯಿಂಟು ಕಾದು ಕಾದು ಹೊತ್ಕೊಳ್ಳುತ್ತೆ. ಕೆಳಗೆ ಮಲಗಿರೋ ಕೂಸುಗಳು ಎದ್ದು ಓಡೋ ವಯಸ್ಸಿನವಲ್ಲ."

"ಕಳಚಿದ್ದನ್ನ ಮಾತ್ರ ಸರಿಮಾಡಿ. ಹತ್ತಕ್ಕೆ ಅಂತ ಮಾತು ಕೊಟ್ಟಿದ್ದೀನಿ. ನನ್ನ ಮಾನ ಹೋಗುತ್ತೆ."

ಅತ್ತಿಗೆ ಗಟ್ಟಿಯಾಗಿದ್ದಂತೆ ಕಂಡ ಒಂದು ಜಾಯಿಂಟನ್ನು ಆರಿಸಿ ಅವನ ಮುಂದೆ ಹಿಡಿಯುತ್ತಾರೆ. "ನೀನೇ ಒತ್ತಿದ್ದು. ನೀನೇ ಎಳಿ."

ಎಳೆಯುತ್ತಾನೆ, ಬರುವುದಿಲ್ಲ. ಮುಖ ಅರಳುತ್ತದೆ.

"ಇನ್ನೊಂದ್ಸಲ."

ಈ ಸಲ ತಂತಿ ಅವನ ಕೈಯಲ್ಲಿ, ಪಿನ್ನು ಅತ್ತಿಗೆಯ ಕೈಯಲ್ಲಿ. ಅತ್ತಿಗೆ ಉಳಿದವನ್ನೆಲ್ಲ ಕತ್ತರಿಸಿ ಹಾಕುತ್ತಾರೆ.

ತಮ್ಮ ಹಳೇ ಟೂಲಿನಲ್ಲಿ ಹೊಸದಾಗಿ ಹದಿನಾಲ್ಕು ಒತ್ತಿ ಮುಗಿಸುವಷ್ಟರಲ್ಲಿ ತಾರಸಿಯ ಅಂಚಿಗೆ ಬಿಸಿಲು. ಫಲಕಗಳ ಮೇಲೆ ದಪ್ಪ ಟಾರ್ಪಾಲು ಹೊದಿಸುತ್ತಾರೆ. ಗಾಳಿಗೆ ಹಾರುವ ಅದರ ತುದಿಯನ್ನು ಮೈದುನನೇ ಅವುಚಿ ಹಿಡಿದು ಕೂರುತ್ತಾನೆ. ಹತ್ತು ಗಂಟೆಗೆ ಆಸ್ಪತ್ರೆಯ ಮೇಲ್ವಿಚಾರಕರು ಮೇಲೆ ಬಂದು, ಆಯಿತೇ ಎನ್ನುತ್ತಾರೆ. "ಹನ್ನೊಂದೂವರೆ ಆಗುತ್ತೆ ಸಾರ್. ತಪ್ಪು ನಂದೇ," ಎಂದು ತಲೆ ತಗ್ಗಿಸುವವನೂ ಅವನೇ.

ಕೊನೆಯ ಜಾಯಿಂಟನ್ನು ಎರಡು ಸಲ ಎಳೆದು ನೋಡಿ ಅತ್ತಿಗೆ ಸೊಂಟ ಹಿಡಿದುಕೊಂಡು ಏಳುತ್ತಾರೆ. ಈ ಕೆಲಸದಲ್ಲಿ ಏನಾದರೂ ಆಸೆ ಉಂಟೇ ಎಂದು ನಾವು ಕೇಳಿದರೆ ಗದ್ದದಿಂದಲೇ ಮೈದುನನನ್ನು ತೋರಿಸುತ್ತಾರೆ.

"ಮನೆಗೆ ಪರದೆ ಬಟ್ಟೆ ಆರಿಸೋಕೆ ಇವನು ನನ್ನ ಕರ್ಕೊಂಡು ಹೋಗ್ತಾನೆ. ಬಣ್ಣದ ವಿಷಯ ನನಗೇನು ಗೊತ್ತು? ಟೂಲ್ ತರೋಕೆ ಹೋಗುವಾಗ ಕರೀಲಿ. ಅಷ್ಟು ಸಾಕು."